800ರ ಗೇರ್ ಬೀಳ್ತಿಲ್ಲ, ಏರಿನಲ್ಲಿ ಕ್ಲಚ್ ಜಾರ್ತಿದೆ: ಗೇರ್ ಬಾಕ್ಸೇ ಬದಲಿಸಬೇಕಾ?

ಆಲ್ದೂರು_800

ಎಲ್ಲರಿಗೂ ನಮಸ್ಕಾರ. ಗಾಡಿ 1999ರ ಮಾರುತಿ 800, ಕಾರ್ಬೊರೇಟರ್ ಎಂಜಿನ್, 4 ಗೇರ್. ಓಡಿರೋದು 94,000 ಕಿ.ಮೀ. ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ ತೋಟದ ಶೆಡ್ಡಿನಲ್ಲಿ ನಿಂತೇ ಇತ್ತು. ಈಗಿನ ತೊಂದರೆ ಹೀಗಿದೆ.

ಬೆಳಿಗ್ಗೆ ಸ್ಟಾರ್ಟ್ ಮಾಡಿ ಕ್ಲಚ್ ಪೂರ್ತಿ ಒತ್ತಿದರೂ ಒಂದನೇ ಗೇರ್ ಬೀಳಲ್ಲ. ಒತ್ತಾಯ ಮಾಡಿ ಹಾಕಿದರೆ ಗಾಡಿ ಮುಂದಕ್ಕೆ ಎಗರುತ್ತೆ. ರಿವರ್ಸ್ ಹಾಕಲು ಹೋದರೆ ಕರ್‌ರ್ ಅನ್ನುತ್ತೆ. ಎಂಜಿನ್ ಆಫ್ ಮಾಡಿದರೆ ನಾಲ್ಕೂ ಗೇರ್, ರಿವರ್ಸೂ ಸೇರಿ, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬೀಳುತ್ತೆ.

ಕೇಬಲ್ ಲೂಸ್ ಆಗಿದೆ ಅಂತ ಬಿಗಿ ಮಾಡಿಸಿದೆ. ಗೇರ್ ಸ್ವಲ್ಪ ಸುಧಾರಿಸಿತು. ಆದರೆ ಈಗ ನಾಲ್ಕು ಜನ ಕೂತು ಕೈಮರದಿಂದ ಮೇಲಕ್ಕೆ ಹತ್ತಿದರೆ ಎಂಜಿನ್ ಕೂಗುತ್ತೆ, ಗಾಡಿ ಏರಲ್ಲ, ಸುಟ್ಟ ವಾಸನೆ ಒಳಗೆಲ್ಲ ತುಂಬುತ್ತೆ. ಇಳಿಯುವಾಗ ಮೂರರಿಂದ ಎರಡಕ್ಕೆ ಬಂದರೆ ಕರಕರ. ಜೊತೆಗೆ ನ್ಯೂಟ್ರಲ್‌ನಲ್ಲಿ ನಿಂತಾಗ ಗುಂಯ್ ಅಂತ ಒಂದು ಸದ್ದು, ಕ್ಲಚ್ ಒತ್ತಿದ ಕೂಡಲೇ ನಿಂತುಹೋಗುತ್ತೆ.

ಗ್ಯಾರೇಜಿನಲ್ಲಿ ಹೇಳಿದ್ದು: ಗೇರ್ ಬಾಕ್ಸ್ ಹೋಗಿದೆ, ಸೆಕೆಂಡ್ ಹ್ಯಾಂಡ್ ಬಾಕ್ಸ್ ತಂದು ಹಾಕೋಣ. ಅಷ್ಟು ದೂರ ಹೋಗುವ ಮೊದಲು ಮನೆಯಲ್ಲೇ ಏನೇನು ಪರೀಕ್ಷೆ ಮಾಡಬಹುದು? ಸ್ಪ್ಯಾನರ್ ಸೆಟ್, ಜಾಕ್, ಎರಡು ಸ್ಟ್ಯಾಂಡ್ ಇದೆ.


ಕಳಸ_ಸ್ಪ್ಯಾನರ್

ಸೆಕೆಂಡ್ ಹ್ಯಾಂಡ್ ಬಾಕ್ಸಿನ ಮಾತು ಸದ್ಯಕ್ಕೆ ಬಿಡಿ ಸರ್. ಎಂಜಿನ್ ನಿಂತಾಗ ಸಲೀಸಾಗಿ ಬೀಳುವ ಗೇರ್ ಎಂಜಿನ್ ಓಡುವಾಗ ಬೀಳಲ್ಲ ಅಂದ್ರೆ ಕ್ಲಚ್ ಪೂರ್ತಿ ಬಿಡ್ತಾ ಇಲ್ಲ, ಅಂದ್ರೆ ಪೆಡಲ್ ಒತ್ತಿದ್ರೂ ಎಂಜಿನ್ ಗೇರ್ ಬಾಕ್ಸನ್ನ ತಿರುಗಿಸ್ತಾನೇ ಇದೆ, ಅಷ್ಟೇ. ಲಿಂಕೇಜ್ ಬುಷ್ಷೋ ಒಳಗಿನ ಫೋರ್ಕೋ ಕೆಟ್ಟಿದ್ರೆ ಎಂಜಿನ್ ಆಫ್ ಇದ್ದಾಗಲೂ ತಡೀತಿತ್ತು.

ನೀವು ಬರೆದದ್ದರಲ್ಲಿ ಒಂದಕ್ಕೊಂದು ವಿರುದ್ಧವಾದ ಎರಡು ಕಾಯಿಲೆ ಇವೆ. ಮೊದಲು ಕ್ಲಚ್ ಬಿಡ್ತಿರಲಿಲ್ಲ. ಈಗ ಹಿಡೀತಾನೂ ಇಲ್ಲ. ಎರಡನೆಯದು ಮೊದಲನೆಯದಕ್ಕೆ ಕೊಟ್ಟ ಔಷಧಿಯಿಂದ ಬಂದದ್ದು. ಕೇಬಲ್ ಬಿಗಿ ಮಾಡಿದಾಗ ಪೆಡಲಿನ ಪ್ಲೇ (ಭಾರ ಸಿಗುವ ಮೊದಲಿನ ಸಡಿಲ) ಪೂರ್ತಿ ಹೋಗಿದೆ. ಕಾಲು ಎತ್ತಿದ್ರೂ ರಿಲೀಸ್ ಬೇರಿಂಗ್ (ಪೆಡಲ್ ಒತ್ತಿದಾಗ ಮುಂದೆ ಸರಿಯುವ ಬೇರಿಂಗ್) ಪ್ರೆಷರ್ ಪ್ಲೇಟಿನ (ಕ್ಲಚ್ ಪ್ಲೇಟನ್ನ ಫ್ಲೈವ್ಹೀಲಿಗೆ ಅದುಮಿ ಹಿಡಿಯುವ ಭಾಗ) ಬೆರಳುಗಳನ್ನ ಒತ್ತಿಕೊಂಡೇ ಇರ್ತದೆ. ಅಂದ್ರೆ ನೀವು ಇಡೀ ದಿನ ಅರ್ಧ ಕ್ಲಚ್ಚಿನಲ್ಲೇ ಓಡಿಸಿದ ಹಾಗೆ.

ಇಲ್ಲೊಂದು ವಿಷಯ ಬಹಳ ಜನ ತಿರುಗುಮುರುಗು ತಿಳಿದಿರ್ತಾರೆ. ಕೇಬಲ್ ಕ್ಲಚ್ಚಿನಲ್ಲಿ ಕ್ಲಚ್ ಪ್ಲೇಟ್ ಸವೆದ ಹಾಗೆ ಪ್ಲೇ ಕಡಿಮೆ ಆಗ್ತದೆ, ಹೆಚ್ಚಾಗಲ್ಲ. ಅದರ ಮೇಲಿನ ಉಜ್ಜುವ ಲೈನಿಂಗ್ ತೆಳ್ಳಗಾದ್ರೆ ಪ್ರೆಷರ್ ಪ್ಲೇಟ್ ಫ್ಲೈವ್ಹೀಲಿನ ಕಡೆ ಸರೀತದೆ, ಅದರ ಬೆರಳುಗಳು ಬೇರಿಂಗಿನ ಕಡೆ ಹೊರಗೆ ಬರ್ತವೆ. ಹಾಗಾಗಿ ಪ್ಲೇ ಜಾಸ್ತಿಯಾಗಿ ಗೇರ್ ಬೀಳದೆ ಹೋದ್ರೆ ಪ್ಲೇಟ್ ಸವೆದಿದೆ ಅಂತ ಅಲ್ಲ. ಕೇಬಲ್ ಎಳೆ ಬಿಡ್ತಿದೆ, ಇಲ್ಲ ರಿಲೀಸ್ ಶಾಫ್ಟಿನ ಬುಷ್ ಹೋಗಿದೆ, ಇಲ್ಲ ಪೆಡಲ್ ಪಿನ್ ಸವೆದಿದೆ. ಅದನ್ನ ಹುಡುಕದೆ ನಟ್ ತಿರುಗಿಸಿದ್ರೆ ಈಗ ಆದದ್ದೇ ಆಗೋದು.

ಇದೇ ಕ್ರಮದಲ್ಲಿ ನೋಡಿ, ಹಿಂದೆ ಮುಂದೆ ಮಾಡಬೇಡಿ.

ಮೊದಲು ಪ್ಲೇ. ಬಾನೆಟ್ ಎತ್ತಿ ಗೇರ್ ಬಾಕ್ಸ್ ಮೇಲಿನ ರಿಲೀಸ್ ಆರ್ಮ್ (ಕ್ಲಚ್ ಕೇಬಲ್ ಎಳೆಯುವ ತೋಳು) ಕೈಯಲ್ಲಿ ಅಲ್ಲಾಡಿಸಿ. ತುದಿಯಲ್ಲಿ 2ರಿಂದ 4 ಮಿ.ಮೀ. ಸಡಿಲ ಇರಬೇಕು. ಪೆಡಲಿನಲ್ಲಿ ಬೆರಳಿಂದ ಒತ್ತಿದಾಗ ಭಾರ ಸಿಗುವ ಮೊದಲು ಸುಮಾರು 20 ಮಿ.ಮೀ. ಸುಮ್ಮನೆ ಹೋಗಬೇಕು. ಇಲ್ಲದಿದ್ದರೆ ಕೇಬಲ್ ತುದಿಯ ನಟ್ ಸಡಿಲ ಮಾಡಿ ಅಷ್ಟಕ್ಕೆ ತನ್ನಿ. ಗೇರ್ ಮತ್ತೆ ಬೀಳದೆ ಹೋಗಬಹುದು, ಚಿಂತೆ ಬೇಡ, ನಿಜವಾದ ಕಾಯಿಲೆ ಕಾಣಬೇಕು ಅಂದ್ರೆ ಇದು ಸರಿ ಇರಲೇಬೇಕು.

ಆಮೇಲೆ ಕೇಬಲ್. ಒಬ್ಬರು ನಿಧಾನಕ್ಕೆ ಪೆಡಲ್ ಒತ್ತಲಿ, ನೀವು ಮೂರು ಕಡೆ ಕಣ್ಣಿಡಿ: ಕೇಬಲ್ ಹೊರ ಕವಚ ಬಾಡಿ ಶೀಟಿಗೆ ಕೂರುವ ಜಾಗ, ಗೇರ್ ಬಾಕ್ಸಿನ ಬ್ರಾಕೆಟ್, ಆರ್ಮ್ ತುದಿ. ಪೆಡಲ್ ಒತ್ತಿದಾಗ ಡ್ಯಾಶ್ ಹಿಂದಿನ ಶೀಟೇ ಬಾಗಿದ್ರೆ ಅಲ್ಲಿ ತುಕ್ಕು ಹಿಡಿದು ಬಿರುಕು ಬಿಟ್ಟಿದೆ. ನಮ್ಮ ಕಡೆ ಮಳೆಗೆ ಇದು ಅಪರೂಪ ಅಲ್ಲ. ಅಷ್ಟು ಭಾಗದ ಎಳೆತ ಆರ್ಮಿಗೆ ತಲುಪದೆ ಶೀಟಿನಲ್ಲೇ ಕಳೆದುಹೋಗ್ತದೆ. ಕೇಬಲ್ಲಿನ ತಂತಿ ಎಳೆ ಎಳೆಯಾಗಿ ಬಿಚ್ಚಿದ್ರೆ, ಇಲ್ಲ ಒಂದೇ ಒಂದು ಎಳೆ ತುಂಡಾಗಿದ್ರೂ ಬದಲಿಸಿ. ಹಳೇ ಕೇಬಲ್ಲಿಗೆ ಎಣ್ಣೆ ಹುಯ್ಯೋದು ಬೇಡ, ಒಳಗೆ ಪ್ಲಾಸ್ಟಿಕ್ ಲೈನಿಂಗ್ ಇದ್ರೆ ಎಣ್ಣೆಗೆ ಧೂಳು ಮೆತ್ತಿ ಇನ್ನೂ ಬಿಗಿಯಾಗ್ತದೆ.

ಇನ್ನು ರಿವರ್ಸ್ ಪರೀಕ್ಷೆ. ಎಂಜಿನ್ ಐಡಲ್‌ನಲ್ಲಿ ಇರಲಿ. ಕ್ಲಚ್ ನೆಲಕ್ಕೆ ಒತ್ತಿ ಐದರವರೆಗೆ ಎಣಿಸಿ, ಆಮೇಲೆ ರಿವರ್ಸ್ ಹಾಕಿ. ರಿವರ್ಸಿಗೆ ಸಿಂಕ್ರೊ (ಗೇರ್ ಬೀಳುವ ಮೊದಲು ವೇಗ ಹೊಂದಿಸುವ ರಿಂಗ್) ಇಲ್ಲ, ಹಾಗಾಗಿ ಒತ್ತಿದ ಕೂಡಲೇ ಹಾಕಿದ್ರೆ ಕರ್ ಅನ್ನೋದು ಸಹಜ. ಐದು ಎಣಿಸಿದ ಮೇಲೂ ಕರ್ ಅಂದ್ರೆ ಪ್ಲೇಟ್ ಇನ್ನೂ ತಿರುಗ್ತಾನೇ ಇದೆ.

ಜಾರುವ ಪರೀಕ್ಷೆ ಕೊನೆಗೆ. ಸಮತಟ್ಟು ಜಾಗ, ಹ್ಯಾಂಡ್ ಬ್ರೇಕ್ ಗಟ್ಟಿ, ನಾಲ್ಕೂ ಚಕ್ರಕ್ಕೆ ಕಲ್ಲು, ಮುಂದೆ ಯಾರೂ ನಿಲ್ಲಬಾರದು. ಟಾಪ್ ಗೇರ್ ಹಾಕಿ, ಸ್ವಲ್ಪ ರೇಸ್ ಕೊಟ್ಟು ಕ್ಲಚ್ ಪೆಡಲಿನಿಂದ ಕಾಲು ತೆಗೀರಿ. ಎಂಜಿನ್ ತಕ್ಷಣ ನಿಂತುಬಿಡಬೇಕು. ನಿಲ್ಲದೆ ಎಳೆದಾಡಿದ್ರೆ ಕ್ಲಚ್ ಜಾರ್ತಿದೆ. ಒಂದೇ ಸಲ ಮಾಡಿ. ಎರಡು ಮೂರು ಸಲ ಮಾಡಿದ್ರೆ ಉಳಿದ ಲೈನಿಂಗೂ ಹೋಗ್ತದೆ.

ಗುಂಯ್ ಸದ್ದಿನ ತೀರ್ಮಾನ ಈಗಲೇ ಬೇಡ. ಕ್ಲಚ್ ಒತ್ತಿದಾಗ ನಿಲ್ಲುವ ಸದ್ದು ಸಾಮಾನ್ಯವಾಗಿ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗಿನದು. ಒತ್ತಿದಾಗ ಶುರುವಾಗುವ ಸದ್ದು ರಿಲೀಸ್ ಬೇರಿಂಗಿನದು. ಆದರೆ ನಿಮ್ಮ ಗಾಡೀಲಿ ಪ್ಲೇ ಇಲ್ಲ. ರಿಲೀಸ್ ಬೇರಿಂಗ್ ಸದಾ ಹಗುರಾಗಿ ತಾಗಿ ತಿರುಗ್ತಿದ್ರೆ ಅದೂ ಹೀಗೇ ಕೂಗಿ, ಪೂರ್ತಿ ಭಾರ ಬಿದ್ದಾಗ ಸುಮ್ಮನಾಗಬಹುದು. ಪ್ಲೇ ಸರಿ ಮಾಡಿದ ಮೇಲೆ ಮತ್ತೆ ಕಿವಿ ಕೊಡಿ.

ಹಾಗೇ ಗೇರ್ ಆಯಿಲ್ ನೋಡಿ. ಗಾಡಿ ಮಟ್ಟವಾಗಿ ನಿಂತಿರಲಿ, ಪಕ್ಕದ ಲೆವೆಲ್ ಪ್ಲಗ್ ಬಿಚ್ಚಿ ಕಿರುಬೆರಳು ಹಾಕಿದ್ರೆ ತೂತಿನ ಅಂಚಿನಲ್ಲೇ ಎಣ್ಣೆ ಸಿಗಬೇಕು. ಬೆರಳಿಗೆ ಅಂಟಿದ ಎಣ್ಣೆಯನ್ನ ಬಿಸಿಲಲ್ಲಿ ಉಜ್ಜಿ ನೋಡಿ. ಬೂದು ಬಣ್ಣದ ನುಣುಪು ಮಡ್ಡಿ ವಯಸ್ಸಿಗೆ ತಕ್ಕದ್ದು. ಚಿನ್ನದ ಪುಡಿ ಹಾಗೆ ಮಿನುಗಿದ್ರೆ ಅದು ಸಿಂಕ್ರೊ ರಿಂಗಿನ ಹಿತ್ತಾಳೆ.


ಆಲ್ದೂರು_800

ಧನ್ಯವಾದ ಅಣ್ಣ. ಹೇಳಿದ ಕ್ರಮದಲ್ಲೇ ನೋಡಿದೆ.

ಪ್ಲೇ ಸೊನ್ನೆ ಇತ್ತು. ಆರ್ಮ್ ತುದಿಯಲ್ಲಿ 3 ಮಿ.ಮೀ.ಗೆ ತಂದೆ. ಕೇಬಲ್ಲಿನ ಆರ್ಮ್ ಕಡೆ ತುದಿಯಲ್ಲಿ ನಾಲ್ಕು ಎಳೆ ತುಂಡಾಗಿತ್ತು, ಹೊಸ ಕೇಬಲ್ ಹಾಕಿದೆ. ಬಾಡಿ ಶೀಟ್ ಗಟ್ಟಿ ಇದೆ. ಈಗ ಎಂಜಿನ್ ಬಿಸಿಯಾದ ಮೇಲೆ ಮುಂದಿನ ಗೇರ್ ಬೀಳುತ್ತೆ, ತಣ್ಣಗಿದ್ದಾಗ ಕಷ್ಟ. ಐದು ಎಣಿಸಿದ ಮೇಲೂ ರಿವರ್ಸ್ ಕರ್ ಅನ್ನುತ್ತೆ. ಟಾಪ್ ಗೇರ್ ಪರೀಕ್ಷೆಯಲ್ಲಿ ಎಂಜಿನ್ ನಿಲ್ಲಲು ಎರಡು ಮೂರು ಸೆಕೆಂಡ್ ತಗೊಂಡಿತು. ಗುಂಯ್ ಸದ್ದು ಹಾಗೇ ಇದೆ. ಗೇರ್ ಆಯಿಲ್ ಬೆರಳಿಗೆ ಸಿಗಲೇ ಇಲ್ಲ, ತಂತಿ ಬಗ್ಗಿಸಿ ಇಳಿಸಿದರೆ ತೂತಿಗಿಂತ ಒಂದು ಅಂಗುಲ ಕೆಳಗಿದೆ. ತಂತಿಗೆ ಅಂಟಿದ್ದು ಮಿನುಗುತ್ತೆ. ಬಲಗಡೆ ಡ್ರೈವ್ ಶಾಫ್ಟ್ ಒಳಹೋಗುವ ಜಾಗ ಎಣ್ಣೆಯಿಂದ ಒದ್ದೆ.


ಕಳಸ_ಸ್ಪ್ಯಾನರ್

ಈಗ ಚಿತ್ರ ಸ್ಪಷ್ಟ ಆಯ್ತು. ಬಾಕ್ಸ್ ಇಳಿಸಲೇಬೇಕು. ಆದರೆ ಇಳಿಸೋದು ಬದಲಿಸೋದಕ್ಕಲ್ಲ, ಕ್ಲಚ್ ಕೆಲಸಕ್ಕೆ.

ಕೇಬಲ್ ಹೊಸದು, ಪ್ಲೇ ಸರಿ, ಆದರೂ ತಣ್ಣಗೆ ಬಿಡ್ತಿಲ್ಲ ಅಂದ್ರೆ ಪ್ಲೇಟ್ ಇನ್‌ಪುಟ್ ಶಾಫ್ಟಿನ ಸ್ಪ್ಲೈನ್ (ಶಾಫ್ಟಿನ ಉದ್ದಕ್ಕೂ ಇರುವ ಹಲ್ಲುಗೆರೆ) ಮೇಲೆ ಸಲೀಸಾಗಿ ಜಾರ್ತಿಲ್ಲ. ಮೂರು ತಿಂಗಳ ಮಲೆನಾಡ ತೇವಕ್ಕೆ ಸ್ಪ್ಲೈನಿಗೆ ತುಕ್ಕು, ಫ್ಲೈವ್ಹೀಲ್ ಮುಖಕ್ಕೂ ತುಕ್ಕು. ಪ್ರೆಷರ್ ಪ್ಲೇಟ್ ಹಿಂದೆ ಸರಿದ್ರೂ ಕ್ಲಚ್ ಪ್ಲೇಟ್ ಫ್ಲೈವ್ಹೀಲಿಗೆ ತಾಗಿಕೊಂಡೇ ತಿರುಗ್ತದೆ. ಪ್ಲೇ ಇಲ್ಲದೆ ಓಡಿಸಿದ್ದಕ್ಕೆ ಲೈನಿಂಗ್ ಸುಟ್ಟು ಗಾಜಿನ ಹಾಗೆ ಹೊಳೀತಿರ್ತದೆ, ಅದಕ್ಕೇ ಜಾರ್ತದೆ.

ಇದನ್ನ ಓದುವ ಬೇರೆಯವರಿಗೆ: ಮಳೆಗಾಲದ ನಂತರ ಪ್ಲೇಟ್ ಫ್ಲೈವ್ಹೀಲಿಗೆ ಪೂರ್ತಿ ಕಚ್ಚಿಕೊಂಡಿದ್ರೆ ಕೂಡಲೇ ಬಾಕ್ಸ್ ಇಳಿಸಬೇಕಿಲ್ಲ. ನ್ಯೂಟ್ರಲ್‌ನಲ್ಲಿ ಇಪ್ಪತ್ತು ನಿಮಿಷ ಎಂಜಿನ್ ಬಿಸಿ ಮಾಡಿ ಆಫ್ ಮಾಡಿ. ಪೆಡಲಿಗೂ ಸೀಟಿಗೂ ನಡುವೆ ಮರದ ತುಂಡು ಕೊಟ್ಟು ಕ್ಲಚ್ ಒತ್ತಿದ ಹಾಗೇ ಒಂದು ರಾತ್ರಿ ಬಿಡಿ. ಬಹಳ ಸಲ ಬೆಳಿಗ್ಗೆ ಟಕ್ ಅಂತ ಬಿಟ್ಟುಕೊಂಡಿರ್ತದೆ. ಬಿಡದಿದ್ರೆ ಖಾಲಿ ಬಯಲಿನಲ್ಲಿ ಎರಡನೇ ಗೇರ್ ಹಾಕಿ ಸ್ಟಾರ್ಟ್ ಮಾಡಿ, ಕ್ಲಚ್ ಒತ್ತಿ ಹಿಡಿದು, ಆಕ್ಸಿಲರೇಟರ್ ಒತ್ತಿ ಬಿಟ್ಟು ಒತ್ತಿ ಬಿಟ್ಟು ಮಾಡಿ. ಕೆರೆ ಏರಿ ಮೇಲೋ ತೋಟದ ಇಳಿಜಾರಿನಲ್ಲೋ ಇದನ್ನ ಮಾಡಬೇಡಿ, ಯಾವಾಗ ಬಿಡ್ತದೆ ಅಂತ ಹೇಳಲಾಗಲ್ಲ.

ಆಲ್ದೂರಿನವರೇ, ತರಬೇಕಾದ ಸಾಮಾನು: ಕ್ಲಚ್ ಪ್ಲೇಟ್, ಪ್ರೆಷರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ ಒಂದೇ ಸೆಟ್ಟಿನವು. ರಿಲೀಸ್ ಶಾಫ್ಟಿನ ಬುಷ್ಷುಗಳು. ಕ್ರ್ಯಾಂಕ್ ಹಿಂಭಾಗದ ಆಯಿಲ್ ಸೀಲ್, ಇನ್‌ಪುಟ್ ಶಾಫ್ಟ್ ಆಯಿಲ್ ಸೀಲ್, ಡ್ರೈವ್ ಶಾಫ್ಟ್ ಸೀಲ್ ಎರಡು. ಸೀಲುಗಳಿಗೆ ಆಗುವ ದುಡ್ಡು ಕಡಿಮೆ, ಅದೇ ಸೀಲಿಗೆ ಇನ್ನೊಂದು ಸಲ ಬಾಕ್ಸ್ ಇಳಿಸುವ ಕೂಲಿ ಬಹಳ. ಪ್ಲೇಟ್ ಮಾತ್ರ ಹೊಸದು ಹಾಕಿ ಹಳೇ ಬೇರಿಂಗ್ ಉಳಿಸೋದು ಉಳಿತಾಯವೇ ಅಲ್ಲ.

ಇಳಿಸುವಾಗ ಮೊದಲು ಬ್ಯಾಟರಿ ನೆಗೆಟಿವ್ ಬಿಚ್ಚಿ. ಗೇರ್ ಆಯಿಲ್ ಇಳಿಸುವ ಮೊದಲು ತುಂಬಿಸುವ ಪ್ಲಗ್ ಬಿಚ್ಚಿ ನೋಡಿಕೊಳ್ಳಿ, ಆಮೇಲೆ ಕೆಳಗಿನದು. ಎಣ್ಣೆ ಇಳಿಸಿದ ಮೇಲೆ ಮೇಲಿನದು ಬರದೆ ಹೋದ್ರೆ ಗಾಡಿ ಅಲ್ಲೇ ನಿಲ್ತದೆ. ಕ್ಲಚ್ ಕೇಬಲ್, ಸ್ಪೀಡೋ ಮೀಟರ್ ಕೇಬಲ್, ರಿವರ್ಸ್ ಲೈಟ್ ವೈರ್, ಗೇರ್ ರಾಡ್, ಸ್ಟಾರ್ಟರ್ ಮೋಟಾರ್, ಅರ್ತ್ ಪಟ್ಟಿ ಬಿಚ್ಚಿ. ಲೋವರ್ ಆರ್ಮ್ ಬಾಲ್ ಜಾಯಿಂಟ್ ಬಿಡಿಸಿ ಚಕ್ರದ ಹಬ್ ಹೊರಗೆ ಎಳೆದುಕೊಂಡು, ಡ್ರೈವ್ ಶಾಫ್ಟಿನ ಒಳತುದಿಯನ್ನ ಪಟ್ಟಿಯಿಂದ ಮೀಟಿ ತೆಗೀರಿ. ಶಾಫ್ಟ್ ಹಿಡಿದು ಎಳೆದ್ರೆ ಒಳಗಿನ ಜಾಯಿಂಟ್ ಕಳಚಿಕೊಳ್ತದೆ. ಎಂಜಿನ್ನಿಗೆ ಕೆಳಗಿಂದ ಮರದ ತುಂಡಿಟ್ಟು ಜಾಕ್ ಕೊಟ್ಟ ಮೇಲೇ ಮೌಂಟಿಂಗ್ ಬಿಚ್ಚಿ. ಗಾಡಿ ಸ್ಟ್ಯಾಂಡ್ ಮೇಲಿರಬೇಕು. ಜಾಕ್ ಒಂದನ್ನೇ ನಂಬಿ ಅಡಿಗೆ ಹೋಗಬೇಡಿ ಮಾರಾಯ್ರೆ.

ಬಾಕ್ಸ್ ಇಳಿದ ಮೇಲೆ ಬೆಲ್ ಹೌಸಿಂಗ್ (ಕ್ಲಚ್ಚನ್ನ ಮುಚ್ಚುವ ಗೇರ್ ಬಾಕ್ಸಿನ ಬಾಯಿ) ಒಳಗಿನ ಕೊಳೆ ತೊಳೆಯುವ ಮೊದಲು ಮೂಸಿ ನೋಡಿ. ಗೇರ್ ಆಯಿಲ್ ಗಂಧಕದ ಹಾಗೆ ಘಾಟು ವಾಸನೆ, ಎಂಜಿನ್ ಆಯಿಲ್ ಹಾಗಲ್ಲ. ಗಂಧಕದ ವಾಸನೆ ಬಂದ್ರೆ ಇನ್‌ಪುಟ್ ಶಾಫ್ಟ್ ಸೀಲ್ ಸೋರ್ತಿದೆ, ಇಲ್ಲದಿದ್ರೆ ಕ್ರ್ಯಾಂಕ್ ಸೀಲ್. ಪ್ಲೇಟಿಗೆ ಎಣ್ಣೆ ತಾಗಿದ್ರೆ ಪೆಟ್ರೋಲಿನಲ್ಲಿ ತೊಳೆದು ಹಾಕೋದು ಕೆಲಸಕ್ಕೆ ಬರಲ್ಲ, ಲೈನಿಂಗ್ ಒಳಗೆ ಇಳಿದಿರ್ತದೆ.

ಹಳೇ ಪ್ಲೇಟಿನ ರಿವೆಟ್ ತಲೆ ಲೈನಿಂಗಿನಿಂದ ಎಷ್ಟು ಒಳಗಿದೆ ಅಂತ ಅಳೆಯಿರಿ, 0.5 ಮಿ.ಮೀ.ಗೆ ಇಳಿದಿದ್ರೆ ಅದರ ಆಯಸ್ಸು ಮುಗೀತು. ಫ್ಲೈವ್ಹೀಲ್ ಮೇಲೆ ನೀಲಿ ಕಲೆ ಮಾತ್ರ ಇದ್ರೆ ಎಮರಿ ಪೇಪರ್ ಸಾಕು. ಉಗುರು ಸಿಕ್ಕುವಷ್ಟು ಗೀರು ಅಥವಾ ಬಿಸಿಗೆ ಬಿರುಕು ಇದ್ರೆ ಚಿಕ್ಕಮಗಳೂರಿನಲ್ಲೋ ಹಾಸನದಲ್ಲೋ ಲೇತಿನವರ ಹತ್ತಿರ ಫೇಸಿಂಗ್ ಮಾಡಿಸಿ. ಅವರಿಗೆ ಒಂದು ಮಾತು ಹೇಳಿ: ಪ್ಲೇಟ್ ತಾಗುವ ಮುಖದಿಂದ ಎಷ್ಟು ತೆಗೀತಾರೋ ಪ್ರೆಷರ್ ಪ್ಲೇಟ್ ಬೋಲ್ಟ್ ಆಗುವ ಮುಖದಿಂದಲೂ ಅಷ್ಟೇ ತೆಗೀಬೇಕು. ಒಂದನ್ನ ಮಾತ್ರ ತೆಗೆದ್ರೆ ಹೊಸ ಕ್ಲಚ್ಚಿನ ಹಿಡಿತವೇ ಕಮ್ಮಿ ಆಗ್ತದೆ.

ಕೂರಿಸುವಾಗ ಹೊಸ ಪ್ಲೇಟಿನ ಸ್ಪ್ರಿಂಗ್ ಉಬ್ಬಿರುವ ಕಡೆ ಗೇರ್ ಬಾಕ್ಸಿಗೆ ಮುಖ ಮಾಡಿರಲಿ. ತಿರುಗಿಸಿ ಹಾಕಿದ್ರೆ ಪ್ಲೇಟಿನ ನಡುವಿನ ಹಬ್ ಫ್ಲೈವ್ಹೀಲಿಗೆ ತಾಗಿ ಕ್ಲಚ್ ಬಿಡೋದೇ ಇಲ್ಲ. ಸ್ಪ್ಲೈನಿನ ತುಕ್ಕು ತಂತಿ ಬ್ರಷ್‌ನಿಂದ ತೆಗೆದು, ಪ್ಲೇಟ್ ಕೈಯಲ್ಲಿ ಹಿಂದೆ ಮುಂದೆ ಜಾರ್ತದಾ ನೋಡಿ. ಗ್ರೀಸ್ ಬೆರಳ ತುದಿಯಷ್ಟು ಮಾತ್ರ ಸವರಿ, ಪ್ಲೇಟ್ ಒಂದು ಸಲ ಜಾರಿಸಿ, ಹೊರಬಂದದ್ದನ್ನ ಒರೆಸಿ. ಜಾಸ್ತಿಯಾದ್ರೆ ತಿರುಗುವಾಗ ಲೈನಿಂಗ್ ಮೇಲೆ ಎರಚ್ತದೆ. ಪ್ಲೇಟ್ ನಡುವಿಗೆ ಕೂರಿಸಲು ಸ್ಪ್ಲೈನಿನ ಅಳತೆಗೆ ಕಡೆಸಿದ ಮರದ ಗೂಟ ಸಾಕು. ಪ್ರೆಷರ್ ಪ್ಲೇಟಿನ ಬೋಲ್ಟುಗಳನ್ನ ಎದುರುಬದುರು, ಅರ್ಧರ್ಧ ಸುತ್ತು ಬಿಗಿ ಮಾಡ್ತಾ ಬಂದು ಕೊನೆಗೆ ಟಾರ್ಕ್ ರೆಂಚಿನಲ್ಲಿ 23 ನ್ಯೂಟನ್ ಮೀಟರ್ ಕೊಡಿ. ರಿಲೀಸ್ ಬೇರಿಂಗನ್ನ ಸೀಮೆಎಣ್ಣೆಯಲ್ಲಾಗಲಿ ಪೆಟ್ರೋಲಿನಲ್ಲಾಗಲಿ ಅದ್ದಬೇಡಿ, ಒಳಗೆ ತುಂಬಿ ಮುಚ್ಚಿರುವ ಗ್ರೀಸ್ ತೊಳೆದುಹೋಗ್ತದೆ.

ಬಾಕ್ಸ್ ಏರಿಸುವಾಗ ಇಬ್ಬರು ಬೇಕು. ಶಾಫ್ಟ್ ಪ್ಲೇಟಿನೊಳಗೆ ಹೋದ ಮೇಲೆ ಕೈ ಸೋತು ಬಾಕ್ಸನ್ನ ಅದರ ಮೇಲೇ ನೇತು ಬಿಟ್ರೆ ಹೊಸ ಪ್ಲೇಟಿನ ಹಬ್ ಬಾಗ್ತದೆ. ಹೊಸ ಕ್ಲಚ್ ಹಾಕಿದ ಮಾರನೇ ದಿನವೇ ಗೇರ್ ಬೀಳ್ತಿಲ್ಲ ಅನ್ನುವವರ ಗಾಡಿಯಲ್ಲಿ ಬಹಳ ಸಲ ಆಗಿರೋದು ಇದೇ. ಬೆಲ್ ಹೌಸಿಂಗ್ ಎಂಜಿನ್ನಿಗೆ ಪೂರ್ತಿ ತಾಗುವ ತನಕ ಕೈಯಲ್ಲೇ ತಳ್ಳಿ, ಬೋಲ್ಟ್ ಬಿಗಿದು ಎಳೆಯಬೇಡಿ. ಗೈಡ್ ಪಿನ್ನುಗಳು ಜಾಗದಲ್ಲಿವೆಯಾ ಮೊದಲೇ ನೋಡಿ.

ಅರ್ತ್ ಪಟ್ಟಿ ಮರೆಯಲೇಬೇಡಿ. ಅದಿಲ್ಲದೆ ಸ್ಟಾರ್ಟ್ ಮಾಡಿದ್ರೆ ಸ್ಟಾರ್ಟರಿನ ಕರೆಂಟ್ ಬಾಡಿಗೆ ವಾಪಸ್ ಹೋಗಲು ಕ್ಲಚ್ ಕೇಬಲ್ಲನ್ನೇ ದಾರಿ ಮಾಡಿಕೊಳ್ತದೆ. ಹೊಸ ಕೇಬಲ್ಲಿನ ಒಳಗಿನ ಲೈನಿಂಗ್ ಕರಗಿ ವಾರದೊಳಗೆ ಪೆಡಲ್ ಕಲ್ಲಾಗ್ತದೆ.


ಸಕಲೇಶಪುರ_ಸಿಂಕ್ರೊ

ಕ್ಲಚ್ ವಿಷಯ ಮೇಲಿನವರು ಪೂರ್ತಿ ಹೇಳಿದ್ದಾರೆ. ಎರಡನೇ ಗೇರಿನ ಕರಕರ ಮತ್ತು ಸದ್ದಿನ ಬಗ್ಗೆ ನನ್ನದು.

ಕ್ಲಚ್ ಸರಿಯಾಗಿ ಬಿಡದ ಗಾಡಿಯಲ್ಲಿ ಸಿಂಕ್ರೊ ಕೆಟ್ಟಿದೆ ಎಂದು ತೀರ್ಪು ಕೊಡುವುದು ತಪ್ಪು. ಸಿಂಕ್ರೊ ರಿಂಗಿನ ಕೆಲಸ ಗೇರಿನ ವೇಗವನ್ನು ಶಾಫ್ಟಿನ ವೇಗಕ್ಕೆ ತರುವುದು. ಆ ಹೊತ್ತಿನಲ್ಲಿ ಹಿಂದಿನಿಂದ ಎಂಜಿನ್ ತಿರುಗಿಸುತ್ತಲೇ ಇದ್ದರೆ ಹೊಸ ರಿಂಗ್ ಕೂಡ ಸೋಲುತ್ತದೆ. ಆದರೆ ನಿಮ್ಮ ಎಣ್ಣೆಯಲ್ಲಿ ಹಿತ್ತಾಳೆ ಕಂಡಿದೆ. ಎಣ್ಣೆ ಒಂದು ಅಂಗುಲ ಕಡಿಮೆ ಇದ್ದಾಗ ಓಡಿದೆ. ಪ್ಲೇ ಸರಿ ಮಾಡಿದ ಮೇಲೂ ನ್ಯೂಟ್ರಲ್ ಸದ್ದು ಉಳಿದಿದೆ. ಬಾಕ್ಸ್ ಹೇಗೂ ನೆಲಕ್ಕೆ ಬರುತ್ತದೆ, ಈ ಸಲವೇ ಕೇಸ್ ಬಿಡಿಸಿ ನೋಡುವುದು ಸರಿ.

ಬಾಕ್ಸ್ ನೆಲದಲ್ಲಿದ್ದಾಗ ಮೊದಲು ಇನ್‌ಪುಟ್ ಶಾಫ್ಟನ್ನು ಬೆರಳಿಂದ ತಿರುಗಿಸಿ. ಮರಳು ಸಿಕ್ಕಿದಂತೆ ಒರಟಾಗಿ ತಿರುಗಿದರೆ ಬೇರಿಂಗ್ ಹೋಗಿದೆ. ಫ್ಲೈವ್ಹೀಲ್ ನಡುವಿನ ಪೈಲಟ್ ಬೇರಿಂಗನ್ನೂ ಬೆರಳು ಹಾಕಿ ತಿರುಗಿಸಿ ನೋಡಿ. ಅದು ಬಿಗಿಯಾಗಿದ್ದರೆ ಪೆಡಲ್ ಒತ್ತಿ ಕ್ಲಚ್ ಬಿಡಿಸಿದರೂ ಎಂಜಿನ್ ಶಾಫ್ಟನ್ನು ಎಳೆದುಕೊಂಡೇ ತಿರುಗುತ್ತದೆ. ನಿಮ್ಮ ರಿವರ್ಸ್ ಕರ್‌ರ್‌ಗೆ ಅದೂ ಒಂದು ಕಾರಣ ಆಗಿರಬಹುದು, ಬಹಳ ಮಂದಿ ನೋಡುವುದೇ ಇಲ್ಲ.

ಕೇಸ್ ಬಿಡಿಸುವ ಮುನ್ನ ಹೊರಗಿನಿಂದ ಹಾಕಿರುವ ಡಿಟೆಂಟ್ ಬೋಲ್ಟುಗಳು (ಗೇರನ್ನು ಬಿದ್ದ ಜಾಗದಲ್ಲೇ ಹಿಡಿದಿಡುವವು), ಅವುಗಳ ಸ್ಪ್ರಿಂಗ್, ಬಾಲ್ ಎಲ್ಲ ತೆಗೆದು ಯಾವುದು ಎಲ್ಲಿಯದು ಎಂದು ರಟ್ಟಿನ ಮೇಲೆ ಚುಚ್ಚಿಡಿ. ರಿವರ್ಸ್ ಐಡ್ಲರ್ ಶಾಫ್ಟ್ ಬೋಲ್ಟ್ ಮರೆತು ಕೇಸಿಗೆ ಸುತ್ತಿಗೆ ಹೊಡೆದರೆ ಅಲ್ಯೂಮಿನಿಯಂ ಒಡೆಯುತ್ತದೆ. ಸ್ಕ್ರೂ ಡ್ರೈವರ್ ತುರುಕಿ ಮೀಟಬೇಡಿ, ಆ ಮುಖದಲ್ಲಿ ಗೀರು ಬಿದ್ದರೆ ಸೋರಿಕೆ ಖಾಯಂ.

ಎರಡನೇ ಗೇರಿನ ರಿಂಗನ್ನು ಅದರ ಕೋನ್ ಮೇಲೆ ಇಟ್ಟು ಒತ್ತಿ, ರಿಂಗಿಗೂ ಗೇರಿನ ಹಲ್ಲಿಗೂ ನಡುವೆ ಫೀಲರ್ ಗೇಜ್ ಹಾಕಿ. ಹೊಸದರಲ್ಲಿ ಸುಮಾರು 1 ಮಿ.ಮೀ. ಇರುತ್ತದೆ. 0.5ಕ್ಕಿಂತ ಕಡಿಮೆಯಾಗಿದ್ದರೆ ರಿಂಗ್ ಬದಲಿಸಿ. ರಿಂಗಿನ ಒಳಮೈಯಲ್ಲಿ ದಾರದಂಥ ಸಣ್ಣ ಗೆರೆಗಳಿವೆ, ಎಣ್ಣೆ ಪದರ ಕತ್ತರಿಸುವುದು ಅವೇ. ಅವು ಚಪ್ಪಟೆಯಾಗಿ ಹೊಳೆಯುತ್ತಿದ್ದರೆ ಗೇಜ್ ಏನೇ ಹೇಳಲಿ, ಆ ರಿಂಗ್ ಬೇಡ. ಸ್ಲೀವಿನ (ಗೇರ್ ಹಾಕುವಾಗ ಸರಿಯುವ ಬಳೆ) ಹಲ್ಲುಗಳ ತುದಿ ಮನೆ ಚಾವಣಿಯಂತೆ ಚೂಪಾಗಿರಬೇಕು. ಮೊಂಡಾಗಿ ಗುಂಡಗಾಗಿದ್ದರೆ ಸ್ಲೀವ್, ಹಬ್ ಎರಡನ್ನೂ ಜೋಡಿಯಾಗಿ ಬದಲಿಸಿ, ಇಲ್ಲವಾದರೆ ಕೆಲವೇ ತಿಂಗಳಲ್ಲಿ ಗೇರ್ ಜಂಪ್ ಆಗಲು ಶುರು. ಈ ಬಾಕ್ಸಿನಲ್ಲಿ ಒಂದು ಮತ್ತು ಎರಡರ ಸಿಂಕ್ರೊ ಕೌಂಟರ್ ಶಾಫ್ಟ್ ಮೇಲಿದೆ, ಬಿಡಿಸಲು ಪ್ರೆಸ್ ಬೇಕೇ ಬೇಕು. ಮನೆಯಲ್ಲಿ ಸುತ್ತಿಗೆಯಿಂದ ಮಾಡುವ ಕೆಲಸ ಅಲ್ಲ, ಇಷ್ಟನ್ನು ಗ್ಯಾರೇಜಿಗೆ ಕೊಡಿ. ಶಿಮ್ಮುಗಳು (ಅಂತರ ಸರಿ ಮಾಡುವ ತೆಳು ಬಿಲ್ಲೆಗಳು) ತೆಗೆದ ಜಾಗಕ್ಕೇ ಹೋಗಬೇಕು.

ಇನ್ನು ಎಣ್ಣೆ. ಕರಕರಕ್ಕೆ ದಪ್ಪ ಎಣ್ಣೆ ಹಾಕಿ ಎನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ, ಕೇಳಬೇಡಿ. 140 ಗ್ರೇಡಿನ ದಪ್ಪ ಎಣ್ಣೆ ಚಿಕ್ಕಮಗಳೂರಿನ ಡಿಸೆಂಬರ್ ಬೆಳಗಿಗೆ ಬೆಲ್ಲದ ಪಾಕದಂತೆ ಇರುತ್ತದೆ, ಸಿಂಕ್ರೊ ಅದನ್ನು ಹಿಂಡಿ ಕೋನಿಗೆ ಕಚ್ಚುವುದರೊಳಗೆ ನೀವು ಗೇರ್ ತಳ್ಳಿಬಿಟ್ಟಿರುತ್ತೀರಿ. 75ಡಬ್ಲ್ಯು-90 ಅಥವಾ 80ಡಬ್ಲ್ಯು-90, ಡಬ್ಬದ ಮೇಲೆ ಜಿಎಲ್-4 ಎಂದಿರಬೇಕು. ಜಿಎಲ್-5 ಹೆಚ್ಚು ಒಳ್ಳೆಯದು ಎಂದು ಅಂಗಡಿಯಲ್ಲಿ ಕೊಡುತ್ತಾರೆ. ಅದು ಜೀಪು ಲಾರಿಗಳ ಹಿಂದಿನ ಡಿಫರೆನ್ಷಿಯಲ್ಲಿಗೆ ಬೇಕಾದ ಎಣ್ಣೆ. ಅದರಲ್ಲಿ ಗಂಧಕ, ರಂಜಕದ ಅಂಶ ಹೆಚ್ಚು, ಬಿಸಿಯಲ್ಲಿ ಹಿತ್ತಾಳೆಯನ್ನು ತಿನ್ನಬಲ್ಲದು. ಜೊತೆಗೆ ರಿಂಗಿಗೆ ಬೇಕಾದ ಉಜ್ಜುವ ಹಿಡಿತವನ್ನೂ ಕಡಿಮೆ ಮಾಡುತ್ತದೆ. ಎರಡು ಲೀಟರ್ ಸುತ್ತಮುತ್ತ ಹಿಡಿಯುತ್ತದೆ, ಮೂರು ಒಂದು-ಲೀಟರ್ ಡಬ್ಬ ತಂದಿಟ್ಟುಕೊಂಡು ಲೆವೆಲ್ ತೂತಿನಿಂದ ತೊಟ್ಟಿಕ್ಕುವವರೆಗೆ ತುಂಬಿ.

ಸೆಕೆಂಡ್ ಹ್ಯಾಂಡ್ ಬಾಕ್ಸ್ ಬಗ್ಗೆ: ಅದೂ ಅಷ್ಟೇ ವಯಸ್ಸಿನ ಗಾಡಿಯದು, ಅದರ ಎರಡನೇ ಗೇರ್ ಹೇಗಿದೆ ಎಂದು ಬೆಂಚಿನ ಮೇಲೆ ಗೊತ್ತಾಗುವುದಿಲ್ಲ. ಕೇಸ್ ಒಡೆದಿದ್ದರೆ ಅಥವಾ ಗೇರಿನ ಹಲ್ಲು ಮುರಿದಿದ್ದರೆ ಮಾತ್ರ ಆ ದಾರಿ.


ಬೇಲೂರು_ಕ್ವಾಲಿಸ್

ನಡುವೆ ಒಂದು ಪ್ರಶ್ನೆ. ಕ್ವಾಲಿಸ್‌ನಲ್ಲಿ ಇದೇ ಥರ ಗೇರ್ ಬೀಳಲ್ಲ, ಆದರೆ ಕ್ಲಚ್ ಎರಡು ಮೂರು ಸಲ ಪಂಪ್ ಮಾಡಿದ್ರೆ ಬೀಳುತ್ತೆ. ಇದಕ್ಕೂ ಬಾಕ್ಸ್ ಇಳಿಸಬೇಕಾ?


ಕಳಸ_ಸ್ಪ್ಯಾನರ್

ಬೇಡ ಸರ್. ಅದು ಹೈಡ್ರಾಲಿಕ್ ಕ್ಲಚ್, ಕೇಬಲ್ ಬದಲು ಫ್ಲೂಯಿಡ್ ಒತ್ತಡದಲ್ಲಿ ಕೆಲಸ ಮಾಡ್ತದೆ. ಪಂಪ್ ಮಾಡಿದ್ರೆ ಸರಿ ಹೋಗ್ತದೆ ಅಂದ್ರೆ ಲೈನಿನಲ್ಲಿ ಗಾಳಿ ಇದೆ, ಇಲ್ಲ ಮಾಸ್ಟರ್ ಸಿಲಿಂಡರಿನ (ಪೆಡಲಿನ ಕಡೆಯದು) ರಬ್ಬರ್ ಕಪ್ ಸವೆದಿದೆ. ಸ್ಲೇವ್ ಸಿಲಿಂಡರಿನ (ಗೇರ್ ಬಾಕ್ಸಿನ ಕಡೆಯದು) ರಬ್ಬರ್ ಬೂಟ್ ಎತ್ತಿ ನೋಡಿ, ಒಳಗೆ ಒದ್ದೆ ಇದ್ರೆ ಅಲ್ಲಿಂದಲೇ ಸೋರ್ತಿದೆ. ಪೆಡಲ್ ಒತ್ತಿ ಹಿಡಿದಾಗ ನಿಧಾನಕ್ಕೆ ತಾನೇ ಕೆಳಗೆ ಇಳಿದು, ಹೊರಗೆಲ್ಲೂ ಸೋರಿಕೆ ಕಾಣದಿದ್ರೆ ಮಾಸ್ಟರ್. ಕಿಟ್ ಹಾಕುವಾಗ ಸಿಲಿಂಡರಿನ ಒಳಗೆ ತುಕ್ಕಿನ ಗುಳಿ ಇದ್ರೆ ಸಿಲಿಂಡರನ್ನೇ ಬದಲಿಸಿ, ಹೊಸ ಕಪ್ ತಿಂಗಳಲ್ಲಿ ಹರೀತದೆ. ಗಾಡಿಯ ಫ್ಲೂಯಿಡ್ ಡಬ್ಬದ ಮುಚ್ಚಳದ ಮೇಲೆ ಬರೆದ ಬ್ರೇಕ್ ಫ್ಲೂಯಿಡ್ ಮಾತ್ರ ಹಾಕಿ. ಎಂಜಿನ್ ಆಯಿಲ್ ಒಂದು ಚಮಚ ಬಿದ್ರೂ ರಬ್ಬರೆಲ್ಲ ಉಬ್ಬಿ ಹಾಳಾಗ್ತದೆ.


ಆಲ್ದೂರು_800

ಬಾಕ್ಸ್ ಇಳಿಸಿ ಆಯಿತು. ಸ್ಪ್ಲೈನ್ ಮೇಲೆ ಕೆಂಪು ತುಕ್ಕಿನ ಪುಡಿ, ಹಳೇ ಪ್ಲೇಟ್ ಕೈಯಲ್ಲಿ ಜಾರುತ್ತಲೇ ಇರಲಿಲ್ಲ. ಲೈನಿಂಗ್ ಕಪ್ಪಾಗಿ ಹೊಳೆಯುತ್ತಿದೆ. ರಿವೆಟ್ ಮೇಲೆ 0.6 ಉಳಿದಿದೆ. ಇನ್‌ಪುಟ್ ಶಾಫ್ಟ್ ಒರಟಾಗಿ ತಿರುಗುತ್ತೆ. ಎರಡನೇ ಗೇರ್ ರಿಂಗ್ 0.4. ಸ್ಲೀವಿನ ಹಲ್ಲು ಚೂಪಾಗಿಯೇ ಇದೆ. ಬೇರಿಂಗ್, ರಿಂಗ್ ಪ್ರೆಸ್ ಕೆಲಸಕ್ಕೆ ಕೊಟ್ಟಿದ್ದೇನೆ. ಹೊಸ ಕ್ಲಚ್ ಹಾಕಿದ ಮೇಲೆ ಓಡಿಸುವಾಗ ಏನು ಜಾಗ್ರತೆ?


ಸಕಲೇಶಪುರ_ಸಿಂಕ್ರೊ

ಮೊದಲ 500 ಕಿ.ಮೀ. ಭಾರ ಹೇರಬೇಡಿ, ಗೊಬ್ಬರದ ಮೂಟೆ ಆಮೇಲೆ. ಹೊಸ ಲೈನಿಂಗ್ ಮುಖ ಪೂರ್ತಿ ಕೂತಿರುವುದಿಲ್ಲ. ಸಮತಟ್ಟು ರಸ್ತೆಯಲ್ಲಿ ಪೇಟೆಗೆ ಹೋಗಿ ಬರುವ ಓಡಾಟ ಅದಕ್ಕೆ ಒಳ್ಳೆಯದು. ಆ 500 ಆದ ಮೇಲೆ ಪ್ಲೇ ಮತ್ತೆ ಅಳೆಯಿರಿ, ಹೊಸ ಕೇಬಲ್ಲೂ ಸ್ವಲ್ಪ ಕೂತಿರುತ್ತದೆ.

ಏರಿನಲ್ಲಿ ವಾಹನ ಸಾಲು ನಿಂತಾಗ ಕ್ಲಚ್ಚಿನಲ್ಲಿ ಗಾಡಿ ಹಿಡಿದು ನಿಲ್ಲಿಸಬೇಡಿ. ರಜೆ ದಿನ ಮುಳ್ಳಯ್ಯನಗಿರಿ ರಸ್ತೆಯಲ್ಲಿ ಸುಟ್ಟ ವಾಸನೆ ಬರುವುದು ಇದರಿಂದಲೇ. ಹ್ಯಾಂಡ್ ಬ್ರೇಕ್ ಎಳೆದು, ನ್ಯೂಟ್ರಲ್ ಮಾಡಿ, ಕಾಲು ತೆಗೆಯಿರಿ. ಹೊರಡುವಾಗ ಕ್ಲಚ್ ಕಚ್ಚಿ ಬಾನೆಟ್ ಸ್ವಲ್ಪ ಎದ್ದಾಗ ಹ್ಯಾಂಡ್ ಬ್ರೇಕ್ ಬಿಡಿ. ಒಮ್ಮೆ ಸುಟ್ಟ ವಾಸನೆ ಬಂದರೆ ಪಕ್ಕಕ್ಕೆ ಹಾಕಿ ಅರ್ಧ ಗಂಟೆ ತಣಿಯಲು ಬಿಡಿ, ಬಿಸಿಯಲ್ಲೇ ಇನ್ನೊಂದು ತಿರುವು ಹತ್ತಿಸಿದರೆ ಪ್ಲೇಟಿನ ಜೊತೆ ಫ್ಲೈವ್ಹೀಲೂ ಹೋಗುತ್ತದೆ.

ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿಯುವಾಗ ಎರಡನೇ ಗೇರನ್ನು ತಿರುವಿಗೆ ಮೊದಲೇ, ವೇಗ ಕಡಿಮೆ ಮಾಡಿಕೊಂಡು ಹಾಕಿ. ಹಾಕುವಾಗ ಕಾಲಿನಿಂದ ಸ್ವಲ್ಪ ರೇಸ್ ಕೊಟ್ಟರೆ ರಿಂಗಿಗೆ ಕೆಲಸ ಅರ್ಧ. ಗೇರ್ ಲಿವರ್ ಮೇಲೆ ಕೈ ಊರಿಕೊಂಡು ಓಡಿಸಬೇಡಿ, ಆ ಒತ್ತಡ ನೇರ ಒಳಗಿನ ಫೋರ್ಕಿಗೆ ಹೋಗುತ್ತದೆ.


ಕಳಸ_ಸ್ಪ್ಯಾನರ್

ಒಂದು ಸೇರಿಸ್ತೇನೆ. ಮುಂದಿನ ಜೂನ್‌ನಲ್ಲಿ ಗಾಡಿ ನಿಲ್ಲಿಸುವಾಗ ಶೆಡ್ಡಿನ ನೆಲ ಮಣ್ಣಿನದಾದ್ರೆ ಅಡಿಗೆ ಟಾರ್ಪಾಲ್ ಹಾಸಿ, ತೇವ ಮೇಲೆ ಬರೋದೇ ಅಲ್ಲಿಂದ. ವಾರಕ್ಕೊಂದು ಸಲ ಹತ್ತು ನಿಮಿಷ ಸ್ಟಾರ್ಟ್ ಮಾಡಿ, ಕ್ಲಚ್ ಹದಿನೈದು ಇಪ್ಪತ್ತು ಸಲ ಒತ್ತಿ ಬಿಡಿ, ಶೆಡ್ಡಿನಲ್ಲೇ ಎರಡಡಿ ಹಿಂದೆ ಮುಂದೆ ಮಾಡಿ. ವಾರವಾರ ಆಗದಿದ್ರೆ ಟ್ರಾಕ್ಟರಿನವರು ಮಾಡುವ ಹಾಗೆ ಪೆಡಲಿಗೆ ಮರದ ತುಂಡು ಕೊಟ್ಟು ಕ್ಲಚ್ ಒತ್ತಿದ ಹಾಗೇ ಇಡಿ. ಆಗ ಹ್ಯಾಂಡ್ ಬ್ರೇಕೂ ಬೇಡ, ಅದರ ಶೂ ಕೂಡ ಡ್ರಮ್ಮಿಗೆ ಕಚ್ಚಿಕೊಳ್ತದೆ. ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡಿ.